ಕಾಣದ ಗೋಡೆಯ ಕಡೆಗೆ ನೂರು ಮೀಟರ್

2024ರ ಜುಲೈ 30ರ ರಾತ್ರಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್ ಮುಗಿದಿತ್ತು. ಆಸ್ಟ್ರೇಲಿಯಾದ ಕೇಲಿ ಮೆಕ್‌ಕಿಯೋನ್ 57.33 ಸೆಕೆಂಡಿನಲ್ಲಿ ಮೊದಲು. ಅಮೆರಿಕದ ರೀಗನ್ ಸ್ಮಿತ್ 57.66ರಲ್ಲಿ ಎರಡನೆಯವರು. ಮೂರನೆಯವರು ಅಮೆರಿಕದವರೇ ಆದ ಕ್ಯಾಥರೀನ್ ಬರ್ಕಾಫ್, 57.98. ಕೇಲಿಗೆ ಇದು ಈ ರೇಸಿನಲ್ಲಿ ಸತತ ಎರಡನೇ ಚಿನ್ನ, ಹಾಗಾಗಿ ಕ್ಯಾಮೆರಾಗಳೆಲ್ಲ ಅವರ ಕಡೆಗೇ ತಿರುಗಿದವು. ಆದರೆ ಹಳೆಯ ಕತೆ ಗೊತ್ತಿದ್ದವರ ಕಣ್ಣು ಮೂರನೇ ಹೆಸರಿನ ಮೇಲೆ ನಿಂತಿತು. ಬರ್ಕಾಫ್ ಅನ್ನೋ ಹೆಸರು ಈ ಈಜಿಗೆ ಹೊಸದಲ್ಲ. ಅದಕ್ಕೆ ಆಮೇಲೆ ಬರೋಣ.

ಬ್ಯಾಕ್‌ಸ್ಟ್ರೋಕ್ ಅಂದರೆ ಅಂಗಾತ ಮಲಗಿ ಈಜುವುದು. ಅದರಲ್ಲಿ ಒಂದು ಸುಖವಿದೆ, ಮುಖ ನೀರಿನ ಮೇಲಿರುತ್ತೆ. ಒಂದು ಕಷ್ಟವೂ ಇದೆ, ಹೋಗುತ್ತಿರುವ ಕಡೆ ಕಾಣುವುದಿಲ್ಲ. ಗೋಡೆ ಎಲ್ಲಿದೆ ಅಂತ ತಿಳಿಯಲು ಮುಖ್ಯ ಗುರುತು: ಗೋಡೆಗೆ 5 ಮೀಟರ್ ಮೊದಲು ಕೊಳದ ಮೇಲೆ ಅಡ್ಡಲಾಗಿ ಕಟ್ಟಿರುವ ಬಾವುಟಗಳ ಸಾಲು. ಅದು ಕಣ್ಣಿಗೆ ಬಿದ್ದ ಕೂಡಲೇ ಈಜುವವರು ಮನಸ್ಸಲ್ಲೇ ಕೈ ಬೀಸು ಎಣಿಸಲು ಶುರು ಮಾಡುತ್ತಾರೆ. ಎಣಿಕೆ ತಪ್ಪಿದರೆ ತಲೆ ಗೋಡೆಗೆ, ಇಲ್ಲವೇ ಕೈಗೆ ಬರೀ ನೀರು. ನನ್ನ ಪ್ರಕಾರ ಈ ರೇಸಿನ ನೂರು ವರ್ಷದ ಕತೆ ಅಂದರೆ ಬಹುಪಾಲು ಈ ಗೋಡೆಯದ್ದೇ ಕತೆ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಈಜು ಶುರುವಾಗಿದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಬ್ಯಾಕ್‌ಸ್ಟ್ರೋಕ್‌ಗೆ ಮಾತ್ರ ಇನ್ನೂ 12 ವರ್ಷ ಕಾಯಬೇಕಾಯಿತು. 1924ರಲ್ಲಿ, ಅದೂ ಪ್ಯಾರಿಸ್‌ನಲ್ಲೇ, ಮೊದಲ ಚಿನ್ನ ಗೆದ್ದವರು ಅಮೆರಿಕದ ಸಿಬಿಲ್ ಬಾವರ್. ಸಮಯ 1 ನಿಮಿಷ 23.2 ಸೆಕೆಂಡ್. ಇವರು ಸಾಮಾನ್ಯರಲ್ಲ. ಅದಕ್ಕೂ ಎರಡು ವರ್ಷ ಮೊದಲು ಬರ್ಮುಡಾದಲ್ಲಿ 440 ಗಜ ದೂರವನ್ನು 6 ನಿಮಿಷ 24.8 ಸೆಕೆಂಡಿನಲ್ಲಿ ಈಜಿದ್ದರು. ಆಗ ಗಂಡಸರ ದಾಖಲೆಯೇ 6 ನಿಮಿಷ 28 ಸೆಕೆಂಡ್! 1927ರಲ್ಲಿ ಕ್ಯಾನ್ಸರ್ ಅವರನ್ನು ಕರೆದುಕೊಂಡು ಹೋಯಿತು. ವಯಸ್ಸು ಇನ್ನೂ 23.

ಗೋಡೆಯ ಮೊದಲ ನಾಟಕ ನಡೆದದ್ದು 1936ರ ಬರ್ಲಿನ್‌ನಲ್ಲಿ. ಗೆಲ್ಲುವ ನೆಚ್ಚಿನ ಸ್ಪರ್ಧಿ, ಹಿಂದಿನ ಸಲದ ಚಾಂಪಿಯನ್ ಎಲೀನರ್ ಹೋಮ್ ಅಲ್ಲಿ ನೀರಿಗೇ ಇಳಿಯಲಿಲ್ಲ. ಹಡಗಿನಲ್ಲಿ ಬರುವಾಗ ಶಾಂಪೇನ್ ಕುಡಿದರು ಅಂತ ಅಮೆರಿಕದ ಒಲಿಂಪಿಕ್ ಮುಖ್ಯಸ್ಥ ಆವೆರಿ ಬ್ರಂಡೇಜ್ ತಂಡದಿಂದಲೇ ಕಿತ್ತುಹಾಕಿದ್ದರು. ಫೈನಲ್‌ನಲ್ಲಿ ಮುಂದಿದ್ದವರು ನೆದರ್ಲೆಂಡ್ಸ್‌ನ ನಿಡಾ ಸೆನ್ಫ್. ತಿರುಗುವಾಗ ಅವರ ಕೈ ಗೋಡೆಗೆ ತಾಗಲಿಲ್ಲ. ಆಗಿನ ನಿಯಮದಂತೆ ಕೈ ತಾಗಲೇಬೇಕು. ಅವರು ವಾಪಸ್ ಹೋದರು, ಗೋಡೆ ಮುಟ್ಟಿದರು, ಮತ್ತೆ ಹೊರಟರು. ಆದರೂ ಗೆದ್ದರು, 1 ನಿಮಿಷ 18.9 ಸೆಕೆಂಡಿನಲ್ಲಿ. ನೂರು ಮೀಟರ್ ರೇಸಿನಲ್ಲಿ ಹಿಂದಕ್ಕೆ ಹೋಗಿ ಬಂದು ಚಿನ್ನ ಗೆಲ್ಲೋದು ಅಂದ್ರೆ ಸುಮ್ನೆ ಅಲ್ಲ.

ಆಮೇಲಿನ ವರ್ಷಗಳಲ್ಲಿ ಸಮಯ ಮೆಲ್ಲಗೆ ಇಳಿಯುತ್ತಾ ಬಂತು. 1972ರ ಮ್ಯೂನಿಕ್‌ನಲ್ಲಿ ಅಮೆರಿಕದ ಮೆಲಿಸ್ಸಾ ಬೆಲೋಟ್ ಗೆದ್ದದ್ದು 1 ನಿಮಿಷ 5.78 ಸೆಕೆಂಡಿನಲ್ಲಿ. ನಾಲ್ಕೇ ವರ್ಷ ಕಳೆದು ಮಾಂಟ್ರಿಯಲ್‌ನಲ್ಲಿ ಪೂರ್ವ ಜರ್ಮನಿಯ ಉಲ್ರಿಕೆ ರಿಕ್ಟರ್ 1 ನಿಮಿಷ 1.83. ಸುಮಾರು ನಾಲ್ಕು ಸೆಕೆಂಡ್ ಒಂದೇ ಏಟಿಗೆ! 1980ರ ಮಾಸ್ಕೋದಲ್ಲಿ ಮೂರೂ ಪದಕ ಪೂರ್ವ ಜರ್ಮನಿಗೇ ಹೋದವು. ಚಿನ್ನ ಗೆದ್ದ ರಿಕಾ ರೈನಿಶ್‌ಗೆ ಆಗ 15 ವರ್ಷ, ಸಮಯ 1 ನಿಮಿಷ 0.86. ಇದರ ಹಿಂದಿದ್ದದ್ದು ಸರ್ಕಾರವೇ ನಡೆಸುತ್ತಿದ್ದ ಉದ್ದೀಪನ ಮದ್ದಿನ ಯೋಜನೆ. ಬರ್ಲಿನ್‌ನ ಆ ಇನ್ನೊಂದು ಗೋಡೆ ಬಿದ್ದ ಮೇಲೆ ಕಡತಗಳು ಹೊರಬಂದವು. ತನಗೆ ಗೊತ್ತಿಲ್ಲದೆ ಹಾರ್ಮೋನ್ ಮಾತ್ರೆ ಕೊಟ್ಟರು, ದೇಹ ಹಾಳಾಯಿತು ಅಂತ ರೈನಿಶ್ ತಾವೇ ಬಹಿರಂಗವಾಗಿ ಹೇಳಿದರು. ಪದಕಗಳನ್ನು ಮಾತ್ರ ಯಾರೂ ವಾಪಸ್ ಪಡೆಯಲಿಲ್ಲ. ದಾಖಲೆ ಪಟ್ಟಿಯಲ್ಲಿ ಆ ಹೆಸರುಗಳು ಇವತ್ತಿಗೂ ಹಾಗೇ ಇವೆ. ಅವರನ್ನು ಕಳ್ಳರು ಅನ್ನೋದಕ್ಕೆ ನನಗಂತೂ ಬಾಯಿ ಬರಲ್ಲ, ಮಕ್ಕಳಾಗಿದ್ದರು ಅವರು.

ಈಗ ಬರ್ಕಾಫ್ ವಿಷಯ. 1988ರ ಸೋಲ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಡೇವಿಡ್ ಬರ್ಕಾಫ್ ಎಂಬ ಅಮೆರಿಕದ ಈಜುಗಾರ ಗೋಡೆ ಒದ್ದವರೇ ನೀರೊಳಗೆ ಮಾಯವಾದರು. ಕೈಗಳನ್ನು ತಲೆಯ ಮುಂದೆ ಚಾಚಿ, ಡಾಲ್ಫಿನ್ ಥರ ಕಾಲು ಬಡಿಯುತ್ತಾ 35 ಮೀಟರ್‌ನಷ್ಟು ದೂರ ಹೋಗಿ ಮೇಲೆ ಬಂದರು. ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ವಿಶ್ವ ದಾಖಲೆಯೂ ಆಯಿತು. ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಜಪಾನಿನ ಡೈಚಿ ಸುಜುಕಿ ಕೂಡ ನೀರಿನಡಿಯ ಮನುಷ್ಯನೇ. ಮೇಲಿನ ಅಲೆಗಳ ಜೊತೆ ಗುದ್ದಾಡುವುದಕ್ಕಿಂತ ಅಡಿಯಲ್ಲಿ ಹೋಗುವುದೇ ಬೇಗ ಅಂತ ಎಲ್ಲರಿಗೂ ಗೊತ್ತಾಯಿತು. ಹೀಗೇ ಬಿಟ್ಟರೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬ್ಯಾಕ್‌ಸ್ಟ್ರೋಕೇ ಉಳಿಯಲ್ಲ ಅಂತ ಅಂತರರಾಷ್ಟ್ರೀಯ ಈಜು ಸಂಸ್ಥೆ ಮೊದಲು 10 ಮೀಟರ್, ಆಮೇಲೆ 15 ಮೀಟರ್ ಮಿತಿ ಹಾಕಿತು. ಕೊಳದ ಹಗ್ಗಗಳ ಮೇಲೆ ಇವತ್ತು ಆ 15 ಮೀಟರ್ ಗುರುತು ಬೇರೆ ಬಣ್ಣದಲ್ಲಿ ಇರುತ್ತೆ. ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕ್ಯಾಥರೀನ್ ಇದೇ ಡೇವಿಡ್ ಅವರ ಮಗಳು. ಅಪ್ಪನಿಂದಾಗಿ ಬಂದ ಗೆರೆಯನ್ನು ದಾಟುವ ಮೊದಲೇ ಮಗಳು ತಲೆ ಎತ್ತಬೇಕು!

1991ರಲ್ಲಿ ಇನ್ನೊಂದು ಗಂಟು ಸಡಿಲವಾಯಿತು. ತಿರುಗುವಾಗ ಕೈ ತಾಗಿಸಲೇಬೇಕು ಅನ್ನುವ ನಿಯಮ ಹೋಯಿತು. ಗೋಡೆಯ ಹತ್ತಿರ ಬೋರಲಾಗಿ, ಪಲ್ಟಿ ಹೊಡೆದು, ಕಾಲಿನಿಂದ ಒದ್ದು ಹೊರಟರೆ ಸಾಕು. ಗೋಡೆ ಬಿಡುವಾಗ ಮಾತ್ರ ಮತ್ತೆ ಅಂಗಾತ ಇರಬೇಕು. ಸೆನ್ಫ್‌ಗೆ ಈ ಭಾಗ್ಯ ಇರಲಿಲ್ಲ, ಅಲ್ವಾ. ಇಷ್ಟಾದರೂ ಒಂದು ನಿಮಿಷದ ಗಡಿ ಬೇಗ ಮುರಿಯಲಿಲ್ಲ. ರೈನಿಶ್ ಅದರ ಅಂಚಿಗೆ ಬಂದು 22 ವರ್ಷವಾದ ಮೇಲೆ, 2002ರಲ್ಲಿ, ಅಮೆರಿಕದ ನಟಾಲಿ ಕಾಫ್ಲಿನ್ 59.58 ಸೆಕೆಂಡ್ ಈಜಿದರು. ಅವರ ದೊಡ್ಡ ಬಲವೂ ನೀರೊಳಗಿನ ಆ ಡಾಲ್ಫಿನ್ ಒದೆತವೇ.

ನಮ್ಮ ದೇಶದ ಹೆಣ್ಣುಮಗಳೊಬ್ಬರು ಈ ರೇಸಿಗೆ ಇಳಿಯಲು 2021 ಬರಬೇಕಾಯಿತು. ಕೋವಿಡ್‌ನಿಂದ ಒಂದು ವರ್ಷ ತಡವಾದ ಟೋಕಿಯೋ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಮೂವರು ಈಜುಪಟುಗಳಲ್ಲಿ ಇಬ್ಬರು 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನವರು: ಪುರುಷರಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್, ಮಹಿಳೆಯರಲ್ಲಿ ಅಹಮದಾಬಾದ್‌ನ ಮಾನಾ ಪಟೇಲ್. ಮಾನಾ 1 ನಿಮಿಷ 5.20 ಸೆಕೆಂಡಿನಲ್ಲಿ ಈಜಿದರು. ಮ್ಯೂನಿಕ್‌ನಲ್ಲಿ ಬೆಲೋಟ್ ಚಿನ್ನ ಗೆದ್ದದ್ದಕ್ಕಿಂತ ಇದು ಅರ್ಧ ಸೆಕೆಂಡಿಗೂ ಜಾಸ್ತಿ ಬೇಗ. ಹೋಲಿಕೆ ಪೂರ್ತಿ ನ್ಯಾಯವಲ್ಲ, ಬೆಲೋಟ್ ಕೈ ತಾಗಿಸಿ ತಿರುಗಬೇಕಿತ್ತು, ಮಾನಾಗೆ ಪಲ್ಟಿಯ ಅನುಕೂಲವಿತ್ತು. ಟೋಕಿಯೋದಲ್ಲಿ ಆ ಸಮಯಕ್ಕೆ ಸಿಕ್ಕಿದ್ದು 39ನೇ ಸ್ಥಾನ.