ರೊಕೊಕೊ ಪಿಂಗಾಣಿ ಗೊಂಬೆ: ಬೆನ್ನ ಹಿಂದಿನ ಮರದ ಮೋಟು

ರೊಕೊಕೊ ಅಂದರೆ ಹದಿನೆಂಟನೇ ಶತಮಾನದ ಯುರೋಪಿನ ನಾಜೂಕಾದ ಅಲಂಕಾರ ಶೈಲಿ. ಆ ಶೈಲಿಯ ಪಿಂಗಾಣಿ ಗೊಂಬೆಗಳ ಹಿನ್ನೆಲೆ ಬೇಗ ಮುಗಿಸುತ್ತೇನೆ. ಗಟ್ಟಿ ಪಿಂಗಾಣಿಯ ಗುಟ್ಟು ಚೀನಾ, ಜಪಾನಿನವರ ಹತ್ತಿರ ಇತ್ತು, ಯುರೋಪಿನವರ ಹತ್ತಿರ ಇರಲಿಲ್ಲ. ಜರ್ಮನಿಯ ಸ್ಯಾಕ್ಸನಿಯ ದೊರೆ ಅಗಸ್ಟಸ್, ಬೋಟ್‌ಗರ್ ಎಂಬ ರಸವಾದಿಯನ್ನು ಚಿನ್ನ ಮಾಡಿಕೊಡು ಎಂದು ಕೂಡಿಹಾಕಿದ್ದ. ಅವನಿಂದ ಚಿನ್ನ ಬರಲಿಲ್ಲ, ಪಿಂಗಾಣಿ ಬಂತು. 1710ರಲ್ಲಿ ಸ್ಯಾಕ್ಸನಿಯ ಮೈಸನ್ ಊರಿನಲ್ಲಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. 1731ರಲ್ಲಿ ಶಿಲ್ಪಿ ಕೆಂಡ್ಲರ್ ಅಲ್ಲಿಗೆ ಸೇರಿದ.

ಈ ಗೊಂಬೆಗಳು ಮೊದಲು ಗಾಜಿನ ಬೀರುವಿನಲ್ಲಿಡಲು ಮಾಡಿದವಲ್ಲ. ಅರಮನೆಯ ಔತಣದಲ್ಲಿ ಕೊನೆಗೆ ಸಿಹಿ ಬಡಿಸುವಾಗ ಮೇಜಿನ ಮೇಲೆ ಸಕ್ಕರೆ ಗೊಂಬೆಗಳನ್ನು ಜೋಡಿಸುತ್ತಿದ್ದರು. ಆ ಜಾಗಕ್ಕೆ ಪಿಂಗಾಣಿ ಬಂತು. ಇದು ತಿಳಿದರೆ ಗಾತ್ರ ಯಾಕೆ ಚಿಕ್ಕದು ಅನ್ನುವುದೂ ತಿಳಿಯುತ್ತದೆ.

ನನಗೆ ತೊಡಕಾಗಿದ್ದು ಅಚ್ಚಿನ ವಿಷಯ. ನನ್ನ ತಲೆಯಲ್ಲಿದ್ದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚು: ಎರಡು ಹೋಳು, ಬಿಚ್ಚಿದರೆ ಗೊಂಬೆ ರೆಡಿ. ಆದರೆ ಕೈ ಚಾಚಿ, ಸೊಂಟ ತಿರುಗಿಸಿ ನಿಂತ ಹಾರ್ಲೆಕ್ವಿನ್ (ಇಟಲಿಯ ನಾಟಕದ ವಿದೂಷಕ) ಅಂಥ ಅಚ್ಚಿನಿಂದ ಮುರಿಯದೆ ಹೊರಗೆ ಬರುವುದು ಹೇಗೆ? ಬರುವುದೇ ಇಲ್ಲ. ಶಿಲ್ಪಿ ಮಾಡಿದ ಮೂಲ ಗೊಂಬೆಯನ್ನು ಕತ್ತರಿಸುತ್ತಾರೆ. ತಲೆ ಬೇರೆ, ಕೈ ಬೇರೆ, ಮುಂಡ ಬೇರೆ. ಪ್ರತಿ ತುಂಡಿಗೂ ಪ್ಲಾಸ್ಟರಿನ ಅಚ್ಚು. ಅದಕ್ಕೆ ಹಸಿ ಮಣ್ಣು ಒತ್ತಿ ತೆಗೆದು, ತುಂಡುಗಳನ್ನು ನೀರುಮಣ್ಣಿನಿಂದ ಅಂಟಿಸುತ್ತಾರೆ. ಬೆರಳು, ಲೇಸು, ಹೂವು ಎಲ್ಲ ಕೈಯಲ್ಲೇ ತಿದ್ದಬೇಕು. ಹಾಗಾಗಿ ಒಂದೇ ಮಾದರಿಯ ಎರಡು ಗೊಂಬೆಗಳ ತಲೆಯ ವಾಲು ಬೇರೆ ಇದ್ದರೆ ಒಂದು ನಕಲಿ ಅಂದುಕೊಳ್ಳಬೇಡಿ. ಅಂಟಿಸಿದ ಕೆಲಸಗಾರನ ಕೈ ಬೇರೆ, ಅಷ್ಟೇ.

ಇನ್ನು ಭಟ್ಟಿ. ಶಾಖ ಸುಮಾರು 1400 ಡಿಗ್ರಿ ಸೆಲ್ಸಿಯಸ್. ಗೊಂಬೆ ಆರಿ ಬೇಯುವಷ್ಟರಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಕುಗ್ಗುತ್ತದೆ: 30 ಸೆಂಟಿಮೀಟರ್ ಇದ್ದದ್ದು 25 ಆಗುತ್ತದೆ. ಆ ಬಿಸಿಗೆ ಮಣ್ಣು ಮೆತ್ತಗೂ ಆಗುತ್ತದೆ. ಎರಡು ತೆಳ್ಳನೆ ಕಾಲುಗಳು ಮೈಭಾರ ಹೊರಲಾರವು. ಅದಕ್ಕೇ ಬೆನ್ನ ಹಿಂದೆ ಮರದ ಮೋಟು! ನಾನು ಅದನ್ನು ಸುಮ್ನೆ ಕಾಡಿನ ಅಲಂಕಾರ ಅಂದುಕೊಂಡಿದ್ದೆ. ಅಗಲ ಲಂಗದ ಹೆಂಗಸಿಗೆ ಮೋಟು ಅಷ್ಟು ಬೇಕಿಲ್ಲ, ನೆಲ ಮುಟ್ಟುವ ಲಂಗವೇ ಬುಡ. ಚಾಚಿದ ಕೈಗೆ ಸುಡುವಾಗ ಅದೇ ಮಣ್ಣಿನ ಊರುಗೋಲು ಕೊಡುತ್ತಾರೆ. ಗೊಂಬೆಯ ಜೊತೆ ಊರುಗೋಲೂ ಅಷ್ಟೇ ಕುಗ್ಗಬೇಕು, ಅಲ್ವಾ? ಬೇರೆ ಮಣ್ಣಾದರೆ ಕೈ ಸೊಟ್ಟ. ಬಣ್ಣಕ್ಕೆ ಆಮೇಲೆ ಕಡಿಮೆ ಶಾಖದಲ್ಲಿ ಮತ್ತೆ ಸುಡಬೇಕು. ಪ್ರತಿ ಸುಡುವಿಕೆಯಲ್ಲೂ ಒಂದಷ್ಟು ಹಾಳು. ಬೆಲೆ ಜಾಸ್ತಿಯಾಗುವುದು ಇಲ್ಲೇ.

ಈಗ ಬಡವ, ಶ್ರೀಮಂತ ಎಂಬ ವರ್ಗದ ಮಾತು. ಕುರಿ ಕಾಯುವವರು, ಗಣಿ ಕೆಲಸಗಾರರು, ಬೀದಿ ವ್ಯಾಪಾರಿಗಳು, ಎಲ್ಲರೂ ಗೊಂಬೆಗಳಾಗಿದ್ದಾರೆ. 1750ರ ದಶಕದಲ್ಲಿ ಕೆಂಡ್ಲರ್ ಮತ್ತು ಅದೇ ಕಾರ್ಖಾನೆಯ ಶಿಲ್ಪಿ ರೈನಿಕೆ ಮಾಡಿದ ಪ್ಯಾರಿಸ್ ಬೀದಿ ವ್ಯಾಪಾರಿಗಳ ಸಾಲನ್ನು ನೋಡಿ. ಬುಟ್ಟಿ ಹೊತ್ತು ಕೂಗಿ ಮಾರುವವರು, ಆದರೆ ಬಟ್ಟೆಗೆ ಹರಕಿಲ್ಲ, ಕೆನ್ನೆ ಗುಲಾಬಿ, ಪೀಠಕ್ಕೆ ಚಿನ್ನದ ಗೆರೆ. ಬಡತನದ ಭಾರವನ್ನೆಲ್ಲ ತೆಗೆದು, ಚೆಲುವನ್ನು ಮಾತ್ರ ಮೇಜಿಗೆ ತಂದಿದ್ದಾರೆ. ನನಗೆ ಇದು ನೋವಿನ ಸಂಗತಿ.

ಮೈಸನ್ ಗೊಂಬೆಯ ಗುರುತಿಗೆ ಹಾಕುವುದು ನೀಲಿ ಬಣ್ಣದಲ್ಲಿ ಒಂದಕ್ಕೊಂದು ಅಡ್ಡವಾಗಿ ಬರೆದ ಎರಡು ಕತ್ತಿ. ಅದು ಸ್ಯಾಕ್ಸನಿ ದೊರೆಯ ಲಾಂಛನದಿಂದ ಬಂದದ್ದು. ಮಾದರಿಗೆ ಕೆಂಡ್ಲರ್ ಹೆಸರು ಹೇಳುತ್ತೇವೆ. ಬೆರಳುಗಳನ್ನು ಒಂದೊಂದಾಗಿ ಅಂಟಿಸಿದವನ ಗುರುತು ಕೆಲವು ಗೊಂಬೆಗಳಲ್ಲಿ ಉಳಿದಿದೆ, ಮಣ್ಣಿಗೆ ಒತ್ತಿದ ಒಂದು ಅಂಕಿಯಾಗಿ.