ಅಲ್ಜಿಯರ್ಸ್ ಇರೋದು ಮರಳುಗಾಡಲ್ಲಾ?

ಪ್ರಶ್ನೆ: ಅಲ್ಜೀರಿಯಾ ಅಂದ್ರೆ ಬರೀ ಸಹಾರಾ ಅಂತಾರೆ, ಹಾಗಾದ್ರೆ ರಾಜಧಾನಿ ಅಲ್ಜಿಯರ್ಸೂ ಮರಳಿನ ಮಧ್ಯೆನೇ ಇರೋದಾ?

ಇಲ್ಲ, ಅದು ಪಕ್ಕಾ ಸಮುದ್ರದ ಊರು. ದೇಶದ 80 ಪರ್ಸೆಂಟ್‌ಗಿಂತ ಜಾಸ್ತಿ ಸಹಾರಾ ಅನ್ನೋದೇನೋ ನಿಜ, ಆದ್ರೆ ಅಲ್ಜಿಯರ್ಸ್ ಇರೋದು ಉತ್ತರದ ತುದೀಲಿ, ಮೆಡಿಟರೇನಿಯನ್ ದಡದ ಗುಡ್ಡಕ್ಕೆ ಅಂಟ್ಕೊಂಡು. ಅಲ್ಲಿಂದ ದಕ್ಷಿಣಕ್ಕೆ ಹೊರಟ್ರೆ ಮೊದಲು ಕಿತ್ತಳೆ ಬೆಳೆಯೋ ಮಿತಿಜಾ ಬಯಲು, ಆಮೇಲೆ ಟೆಲ್ ಅಟ್ಲಾಸ್ ಬೆಟ್ಟಗಳು, ಅದನ್ನ ದಾಟಿದ್ರೆ ಎತ್ತರದ ಒಣ ಬಯಲು, ಅದಾದ್ಮೇಲೆ ಇನ್ನೊಂದು ಬೆಟ್ಟಸಾಲು ಸಹಾರನ್ ಅಟ್ಲಾಸ್, ಇಷ್ಟೆಲ್ಲಾ ಆದ್ಮೇಲೇ ಸಹಾರಾ ಶುರು. ಚಳಿಗಾಲದಲ್ಲಿ ಹತ್ತಿರದ ಶ್ರೇಯಾ ಬೆಟ್ಟದ ಮೇಲೆ ಹಿಮಾನೂ ಬೀಳುತ್ತೆ!

ಅಲ್ಲಿ ಮಳೆಗಾಲ ಅಂದ್ರೆ ಚಳಿಗಾಲನೇ, ಜುಲೈನಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಆದ್ರೆ ಇಳಿಜಾರಿನ ಊರಾದ್ರಿಂದ ಮಳೆ ಒಮ್ಮೆಲೇ ಸುರಿದ್ರೆ ಕಷ್ಟ. 2001ರ ನವೆಂಬರ್‌ನಲ್ಲಿ ಬಾಬ್ ಎಲ್ ವೇದ್ ಏರಿಯಾಗೆ ಮೇಲಿಂದ ನೀರು, ಕೆಸರು ನುಗ್ಗಿ ನೂರಾರು ಜನ ತೀರ್ಕೊಂಡ್ರು.

ಊರಿನ ಅರಬ್ಬಿ ಹೆಸರಲ್ಲೇ ಸಮುದ್ರ ಇದೆ ನೋಡಿ, ಅಲ್ ಜಝಾಯಿರ್ ಅಂದ್ರೆ ದ್ವೀಪಗಳು. ದಡದ ಮುಂದೆ ಇದ್ದ ಪುಟ್ಟ ಪುಟ್ಟ ಬಂಡೆ ದ್ವೀಪಗಳಿಂದ ಬಂದ ಹೆಸರು, ಈಗ ಹುಡುಕಿದ್ರೆ ಸಿಗಲ್ಲ, ಯಾಕಂದ್ರೆ 1529ರಲ್ಲಿ ಒಟ್ಟೋಮನ್ ತುರ್ಕರ ಕಡೆಯ ನೌಕಾ ನಾಯಕ ಖೈರುದ್ದೀನ್ ಬಾರ್ಬರೋಸಾ ಅಲ್ಲಿದ್ದ ಸ್ಪೇನ್‌ನವರ ಕೋಟೆ ಗೆದ್ದು ಅದರ ಕಲ್ಲನ್ನೇ ತಗೊಂಡು ದ್ವೀಪಗಳನ್ನ ದಡಕ್ಕೆ ಸೇರಿಸಿ ಬಂದರು ಮಾಡಿಬಿಟ್ಟ.

ನನ್ನ ಕೇಳಿದ್ರೆ ಊರಿನ ಜೀವ ಇರೋದು ಕಸ್ಬಾದಲ್ಲಿ. ಗುಡ್ಡದ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಹಳೇ ಊರು ಅದು, ಗಲ್ಲಿಗಳು ಎಷ್ಟು ಕಿರಿದು ಅಂದ್ರೆ ಕಸ ಹೊರೋಕೆ ಈಗ್ಲೂ ಕತ್ತೆಗಳೇ ಬೇಕು, ಗಾಡಿ ಹೋಗಲ್ಲ. ಮನೆಗಳು ಬೀದಿ ಕಡೆಗೆ ಮುಚ್ಕೊಂಡಂಗೆ ಇರ್ತವೆ, ಒಳಗೆ ಹೋದ್ರೆ ನಡುವೆ ತೆರೆದ ಅಂಗಳ, ಮೇಲೆ ಹತ್ತಿದ್ರೆ ಮಾಳಿಗೆ, ಎದುರಿಗೆ ಸಮುದ್ರ. 1830ರಲ್ಲಿ ಬಂದ ಫ್ರೆಂಚರು ಇದರ ಕೆಳಭಾಗನ ಕೆಡವಿ ಚೌಕ, ಅಗಲವಾದ ರೋಡು ಮಾಡಿದ್ರು, ಕಡಲ ಕಡೆ ಕಾಣೋ ಬಿಳಿ ಕಮಾನಿನ ಸಾಲು ಅವರ ಕಾಲದ್ದು. ಉಳಿದಿದ್ದನ್ನ ಯುನೆಸ್ಕೋ 1992ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಆದ್ರೂ ಹಳೇ ಗೋಡೆಗಳು ಮಳೆಗೆ ನೆನೆದು ಕುಸೀತಾನೇ ಇವೆ, ಎಷ್ಟೋ ಮನೆಗಳು ಮರದ ಆಸರೆ ಕೊಟ್ಟಿರೋದ್ರಿಂದ ಮಾತ್ರ ನಿಂತಿವೆ, ಅದರೊಳಗೆ ಜನ ಇನ್ನೂ ಸಂಸಾರ ಮಾಡ್ತಿದಾರೆ.