ಪ್ಲೇಟ್‌ಲೆಟ್ ಹೊಟ್ಟೆಯೊಳಗಿನ ಖನಿಜಗಳು: ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಓದುವವರಿಗೆ ಒಂದು ಟಿಪ್ಪಣಿ

ಮಳೆಗಾಲ ಹಿಡಿಯಿತೆಂದರೆ ಹಾಸನದ ಲ್ಯಾಬುಗಳಲ್ಲಿ ಡೆಂಗಿಯದೇ ಮಾತು. ಆಲೂರು, ಸಕಲೇಶಪುರದ ಕಡೆಯಿಂದ ಬಂದವರು ಕೇಳುವುದು ಒಂದೇ: "ಪ್ಲೇಟ್‌ಲೆಟ್ ಎಷ್ಟು ಬಂತು ಸಾರ್?" ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ ಅಂತ ನಾವೂ ಉರುಹೊಡೆದಿರುತ್ತೇವೆ. ಆದರೆ ರಕ್ತ ಹೆಪ್ಪುಗಟ್ಟಿಸುವ ಈ ಪುಟ್ಟ ಕಣದೊಳಗೆ ಏನಿದೆ ಅಂತ ತಿಳಿದರೆ ರಿಪೋರ್ಟ್ ಓದುವ ಕಣ್ಣೇ ಬೇರೆಯಾಗುತ್ತದೆ.

ಮೊದಲು ಕ್ಯಾಲ್ಸಿಯಂ. ಪ್ಲೇಟ್‌ಲೆಟ್ಟಿನ ಅಗಲ 2-3 ಮೈಕ್ರೋಮೀಟರ್ ಅಷ್ಟೆ. ಅದರೊಳಗೆ ಡೆನ್ಸ್ ಗ್ರ್ಯಾನ್ಯೂಲ್ ಎಂಬ ಕೆಲವು ಪುಟ್ಟ ಚೀಲಗಳು. ಕ್ಯಾಲ್ಸಿಯಂ ಅಲ್ಲಿ ಎಷ್ಟು ಒತ್ತೊತ್ತಾಗಿದೆಯೆಂದರೆ, ಬಣ್ಣ ಹಾಕದಿದ್ದರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಚೀಲದ ಹೊರಗೆ, ಕೋಶದ್ರವದಲ್ಲಿ, ಸುಮ್ಮನಿರುವಾಗ ಕ್ಯಾಲ್ಸಿಯಂ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಇರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಗಾಯದ ಸುಳಿವು ಸಿಕ್ಕ ಕೂಡಲೇ ಈ ಮಟ್ಟ ಏರುತ್ತದೆ, ಪ್ಲೇಟ್‌ಲೆಟ್ ಆಕಾರ ಬದಲಿಸುತ್ತದೆ, ಚೀಲಗಳು ಹೊರಕ್ಕೆ ಸುರಿದುಕೊಳ್ಳುತ್ತವೆ. ಅದೇ ಚೀಲಗಳಲ್ಲಿ ಮೆಗ್ನೀಸಿಯಂ, ಪಾಲಿಫಾಸ್ಫೇಟ್ ಕೂಡ ಇವೆ.

ಇನ್ನು ಪೊಟ್ಯಾಸಿಯಂ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕೆಂಪು ಮುಚ್ಚಳದ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಗ ಪ್ಲೇಟ್‌ಲೆಟ್‌ಗಳು ತಮ್ಮ ಪೊಟ್ಯಾಸಿಯಂ ಬಿಟ್ಟುಕೊಡುತ್ತವೆ. ಸೀರಮ್ಮಿನ (ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದ) ಪೊಟ್ಯಾಸಿಯಂ ಪ್ಲಾಸ್ಮಾಗಿಂತ ತುಸು ಹೆಚ್ಚಿರುವುದು ಇದರಿಂದಲೇ. ಎಣಿಕೆ ಹತ್ತು ಲಕ್ಷ ದಾಟಿದ ರೋಗಿಯಲ್ಲಂತೂ ಈ ವ್ಯತ್ಯಾಸ ಗಾಬರಿ ಹುಟ್ಟಿಸುವಷ್ಟಿರಬಹುದು. ಮೈಯೊಳಗೆ ಎಲ್ಲ ಸರಿಯಿದ್ದೂ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರಿರುತ್ತದೆ. ಅಂಥಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ನೋಡಲೇಬೇಕು.

ಜಿಂಕ್ ಕೂಡ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ನಿಂದ ಹೊರಬರುತ್ತದೆ. ರಬ್ಬರ್ ಮುಚ್ಚಳದಿಂದಲೂ ಅದು ಸೇರಿಕೊಳ್ಳಬಹುದು, ಹಾಗಾಗಿ ಅದಕ್ಕೆಂದೇ ಬೇರೆ ಟ್ಯೂಬ್ ಇದೆ. ಸೆಲೆನಿಯಂ ಇರುವುದು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದಲ್ಲಿ. ಕಬ್ಬಿಣದ್ದು ಬೇರೆಯೇ ದಾರಿ: ದೇಹದಲ್ಲಿ ಅದು ಕಡಿಮೆಯಾದಾಗ ಎಷ್ಟೋ ಸಲ ಪ್ಲೇಟ್‌ಲೆಟ್ ಎಣಿಕೆ ಏರುತ್ತದೆ.

ಡೆಂಗಿ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದು ಇಡಿಟಿಎ. ಅದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದರೆ ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದೆ 40 ಸಾವಿರ ಅಂದುಬಿಡಬಹುದು. ಮನೆಯವರ ಎದೆ ಒಡೆಯುತ್ತದೆ. ಅಂಥ ಅಂಕಿ ಬಂದಾಗ ಸ್ಲೈಡ್ ಎಳೆದು ಅದರ ಬಾಲದ ಅಂಚು ನೋಡಿ. ಗುಂಪು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿ. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಬೆರೆತಿರುವುದರಿಂದ ಬಂದ ಎಣಿಕೆಯನ್ನು 1.1ರಿಂದ ಗುಣಿಸಿ ಬರೆಯಿರಿ.